ಪ್ರಾಣಿವರ್ಗದಲ್ಲಿ ಅಮಲು: ಒಂದು ಶಾಸ್ತ್ರೀಯ ಪೀಠಿಕೆ

ಮಾದಕ ದ್ರವ್ಯಗಳು ಪ್ರಾಣಿಗಳ ಮೆದುಳು ಹಾಗೂ ನಡತೆಯ ಮೇಲೆ ಬೀರುವ ಪರಿಣಾಮವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಇಂದು ಗೌರವದ ಸ್ಥಾನವಿದೆ. ಉಳಿದ ಶಾಸ್ತ್ರಗಳು ಜ್ಞಾನದಾಹದಿಂದ ಹುಟ್ಟಿದವೆನ್ನುತ್ತಾರೆ. ಇದು ಬಹುಮಟ್ಟಿಗೆ ನಿದ್ದೆಗೇಡಿನಿಂದ ಹುಟ್ಟಿತು. 1948ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಚ್. ಎಂ. ಪೀಟರ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಜೇಡವು ಬಲೆ ನೇಯುವ ವಿಧಾನವನ್ನು ಅಧ್ಯಯನ ಮಾಡುತ್ತಿದ್ದರು. ಜೇಡವಾದರೋ ಬ್ರಾಹ್ಮೀ ಮುಹೂರ್ತದಲ್ಲಿಯೇ ಕೆಲಸಕ್ಕೆ ಕೂರುವ ಆಚಾರವಂತ ಜೀವಿ. ಪ್ರಾಣಿಶಾಸ್ತ್ರಜ್ಞರಿಗೆ ಅಂಥ ಕಟ್ಟುನಿಟ್ಟು ಇರಲಿಲ್ಲ. ಏನಾದರೂ ಕುಡಿಸಿ ಈ ಕಾರ್ಯಕ್ರಮವನ್ನು ಹೊತ್ತೇರಿದ ಮೇಲೆ ಇಟ್ಟುಕೊಳ್ಳುವಂತೆ ಜೇಡದ ಮನವೊಲಿಸಬಹುದೇ ಎಂದು ಅವರು ಪೀಟರ್ ವಿಟ್ ಎಂಬ ತರುಣ ಔಷಧಶಾಸ್ತ್ರಜ್ಞರನ್ನು ಕೇಳಿದರು.

ವಿಟ್ ಅವರು ಸಕ್ಕರೆ ನೀರಿನಲ್ಲಿ ಕ್ರಮವಾಗಿ ಆಂಫೆಟಮೀನ್, ಕೆಫೀನ್, ಮೆಸ್ಕಲಿನ್, ಸ್ಟ್ರಿಕ್ನೀನ್ ಮುಂತಾದುವನ್ನು ಬೆರೆಸಿ ಜೇಡಗಳಿಗೆ ನೀಡಿದರು. ಜೇಡಗಳು ಕುಡಿದವು. ಕುಡಿದ ಮೇಲೂ ಸಮಯಪಾಲನೆಯನ್ನು ಬಿಡಲಿಲ್ಲ. ಬೆಳಗಿನ ಜಾವಕ್ಕೆ ಸರಿಯಾಗಿ ಎದ್ದು ಬಲೆಯನ್ನು ಮಾತ್ರ ಸೊಟ್ಟಗೆ ನೇಯ್ದವು. ಪೀಟರ್ಸರ ನಿದ್ದೆಯ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟ ಶಾಸ್ತ್ರವು ಸೊಟ್ಟ ಬಲೆಗಳ ಹಿಂದೆ ಹೋಯಿತು. ಅಲ್ಪ ಪ್ರಮಾಣದ ಎಲ್‌ಎಸ್‌ಡಿ ಪಡೆದ ಜೇಡವು ಮಾಮೂಲಿಗಿಂತಲೂ ಅಚ್ಚುಕಟ್ಟಾದ ಬಲೆ ನೇಯ್ದಿತು ಎಂಬುದು ಈ ಅವಧಿಯ ಮುಖ್ಯ ಶೋಧ. ಇದನ್ನು ನೇಕಾರಿಕೆಯ ಪಠ್ಯಕ್ರಮದಲ್ಲಿ ಅಳವಡಿಸುವ ಕುರಿತು ಯಾವ ಸಮಿತಿಯೂ ಶಿಫಾರಸು ಮಾಡಿದಂತಿಲ್ಲ.

ಇದೇ ಜಾಡಿನಲ್ಲಿ 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು ಸ್ಕಿಜೋಫ್ರೇನಿಯಾ ರೋಗಿಗಳ ಮೂತ್ರವನ್ನು ಸಾಂದ್ರೀಕರಿಸಿ ಜೇಡಗಳಿಗೆ ನೀಡಿದರು. ಕಾಯಿಲೆಗೆ ಕಾರಣವಾದ ವಸ್ತು ಮೂತ್ರದಲ್ಲಿದ್ದರೆ ಅದು ಬಲೆಯಲ್ಲಿ ತಾನೇ ತಾನಾಗಿ ಬರೆದು ತೋರೀತು ಎಂಬುದು ತರ್ಕ. ಬಲೆಗಳಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಸಾಂದ್ರೀಕೃತ ಮೂತ್ರವು ರುಚಿಯಾಗಿರುವುದಿಲ್ಲ ಎಂಬ ಅಂಶ ಮಾತ್ರ ಜೇಡಗಳ ವರ್ತನೆಯಿಂದ ಸಂಶಯಾತೀತವಾಗಿ ಸ್ಥಾಪಿತವಾಯಿತು. ಅದಕ್ಕೆ ಮೊದಲು ಈ ವಿಷಯದಲ್ಲಿ ಕೇವಲ ಊಹೆಗಳಿದ್ದವು.

1995ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಈ ಕಾರ್ಯವನ್ನು ಕೈಗೆತ್ತಿಕೊಂಡಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸಂಸ್ಥೆಗೆ ಇದು ಸಹಜವಾದ ಮುಂದಿನ ಹೆಜ್ಜೆ. ಗಾಂಜಾ ಪಡೆದ ಜೇಡವು ಬಲೆಯನ್ನು ಚೆನ್ನಾಗಿಯೇ ಆರಂಭಿಸಿ ನಡುವೆ ಆಸಕ್ತಿ ಕಳೆದುಕೊಂಡಿತು. ಬೆನ್ಜೆಡ್ರಿನ್ ಪಡೆದದ್ದು ಅತ್ಯುತ್ಸಾಹದಿಂದ ನೇಯ್ದು ದೊಡ್ಡ ದೊಡ್ಡ ಕಂಡಿಗಳನ್ನು ಬಿಟ್ಟಿತು. ನಿದ್ರಾಜನಕವಾದ ಕ್ಲೋರಲ್ ಹೈಡ್ರೇಟ್ ಪಡೆದದ್ದು ನಾಲ್ಕು ಎಳೆ ಎಳೆದು ವಿರಮಿಸಿತು. ಎಲ್ಲಕ್ಕಿಂತ ಹೀನವಾದ ಬಲೆಯನ್ನು ನೇಯ್ದದ್ದು ಕೆಫೀನ್ ಪಡೆದ ಜೇಡ: ನಡುವಿಲ್ಲ, ಸುತ್ತಿಲ್ಲ, ಕಂಡಕಂಡಲ್ಲಿಗೆ ಎಳೆದು ಕಟ್ಟಿದ ಕೆಲವು ದಾರಗಳು. ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿಯದ ಹೊರತು ಕೆಲಸ ಸುಸೂತ್ರವಾಗಿ ನಡೆಯದು ಎಂಬ ನಮ್ಮ ನಾಡಿನ ಪ್ರಾಚೀನ ಸಿದ್ಧಾಂತಕ್ಕೆ ಇದರಿಂದ ಧಕ್ಕೆ ಒದಗಿದೆ. ಆದರೆ ಜೇಡಕ್ಕೆ ನೀಡಿದ್ದು ಡಿಕಾಕ್ಷನ್ ಅಲ್ಲ ಎಂಬುದನ್ನೂ, ಅದನ್ನು ಬೈಟು ಮಾಡಿಕೊಳ್ಳಲು ಜೇಡಕ್ಕೆ ಜೊತೆಗಾರರಿರಲಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಇಷ್ಟು ಪೂರ್ವಚರಿತ್ರೆಯ ಬಳಿಕ ವರ್ಗೀಕರಣಕ್ಕೆ ಬರಬಹುದು. ಅಮಲುಗೊಂಡ ಪ್ರಾಣಿಗಳು ಮೂರು ವಿಧ. ಒಂದು, ಕುಡಿಸಲ್ಪಟ್ಟವು. ಎರಡು, ತಾವಾಗಿ ಕುಡಿದವು. ಮೂರು, ಕುಡಿದವೆಂದು ಹೇಳಲ್ಪಟ್ಟವು. ಸಂಶೋಧನಾ ಪ್ರಬಂಧಗಳ ಸಂಖ್ಯೆಯಲ್ಲಿ ಮೊದಲ ವರ್ಗ ಮುಂದಿದೆ; ಸೇವಿಸಿದ ಪ್ರಮಾಣದಲ್ಲಿ ಮೂರನೆಯದರ ಸಮೀಪಕ್ಕೆ ಉಳಿದ ಎರಡೂ ಬರಲಾರವು.

ಮೊದಲ ವರ್ಗದಲ್ಲಿ ಅತಿ ಹೆಚ್ಚು ತೂಕದ ಉದಾಹರಣೆ ಟಸ್ಕೋ. ಇದು ಅಮೆರಿಕದ ಒಕ್ಲಹೋಮಾ ಸಿಟಿ ಮೃಗಾಲಯದ ಹದಿನಾಲ್ಕು ವರ್ಷದ ಗಂಡು ಏಷ್ಯಾ ಆನೆ. ತೂಕ ಸುಮಾರು 3,200 ಕಿಲೋ. ಗಂಡಾನೆಗೆ ಮದವೇರುವುದು ಏಕೆ ಎಂಬುದನ್ನು ಅರಿಯಲು ಮನೋವೈದ್ಯರಾದ ಲೂಯಿಸ್ ಜೋಲಿಯನ್ ವೆಸ್ಟ್, ಚೆಸ್ಟರ್ ಪಿಯರ್ಸ್ ಹಾಗೂ ಮೃಗಾಲಯದ ನಿರ್ದೇಶಕ ವಾರೆನ್ ಥಾಮಸ್ ಅವರು ಅದಕ್ಕೆ ಎಲ್‌ಎಸ್‌ಡಿ ನೀಡಿ ಕೃತಕ ಮದವೇರಿಸಲು ನಿರ್ಧರಿಸಿದರು. ಮನುಷ್ಯನಿಗೆ ಈ ದ್ರವ್ಯ 0.1 ಮಿಲಿಗ್ರಾಂ ಸಾಕು. ಆನೆ ದೊಡ್ಡದು ಎಂಬುದು ಸಂಶೋಧಕರ ಗಮನಕ್ಕೆ ಬಂದಿತ್ತು. ಆದ್ದರಿಂದ 1962ರ ಆಗಸ್ಟ್ 3ರ ಬೆಳಿಗ್ಗೆ ಬಂದೂಕಿನ ಮೂಲಕ 297 ಮಿಲಿಗ್ರಾಂ ಚುಚ್ಚಲಾಯಿತು. ಅಂದರೆ ಸುಮಾರು ಮೂರು ಸಾವಿರ ಜನರಿಗೆ, ಒಂದು ಮಧ್ಯಮ ಗಾತ್ರದ ಮದುವೆಯ ಊಟದ ಪಂಕ್ತಿಗಳಿಗೆಲ್ಲ, ಬಡಿಸಿ ಉಳಿಯುವಷ್ಟು.

ಟಸ್ಕೋ ಘೀಳಿಟ್ಟಿತು, ಆವರಣದಲ್ಲಿ ಓಡಾಡಿತು, ತೂರಾಡಿತು. ಜೊತೆಯಲ್ಲಿದ್ದ ಹೆಣ್ಣಾನೆ ಪಕ್ಕಕ್ಕೆ ಬಂದು ಆನಿಸಿಕೊಳ್ಳಲು ಯತ್ನಿಸಿತು. ಆ ದಿನ ಅಲ್ಲಿದ್ದವರಲ್ಲಿ ಪರಿಸ್ಥಿತಿಯನ್ನು ಸರಿಯಾಗಿ ಅಂದಾಜು ಮಾಡಿದ್ದು ಅದೊಂದೇ ಎಂದು ತೋರುತ್ತದೆ, ಆದರೆ ಅದಕ್ಕೆ ವೈದ್ಯಕೀಯ ಪದವಿ ಇರಲಿಲ್ಲ. ಐದೇ ನಿಮಿಷದಲ್ಲಿ ಟಸ್ಕೋ ಕುಸಿಯಿತು. ಕೊಟ್ಟದ್ದನ್ನು ಇಳಿಸಲು ಮತ್ತೊಂದನ್ನು, ಅದೂ 2,800 ಮಿಲಿಗ್ರಾಂ ಪ್ರೋಮಜೀನ್ ಅನ್ನು, ನೀಡಲಾಯಿತು. ಅದರ ಮೇಲೆ ಪೆಂಟೊಬಾರ್ಬಿಟಾಲ್ ಎಂಬ ಮೂರನೆಯದನ್ನೂ ನೀಡಲಾಯಿತು. ಚುಚ್ಚಿದ ಒಂದು ಗಂಟೆ ನಲವತ್ತು ನಿಮಿಷಕ್ಕೆ ಆನೆ ಮರಣಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವು ಆನೆಗೆ ಎಲ್‌ಎಸ್‌ಡಿ ಬಹುಬೇಗ ನಾಟುತ್ತದೆ ಎಂಬ ತೀರ್ಮಾನಕ್ಕೆ ಬಂದು, ಈ ತಿಳಿವಳಿಕೆ ಆಫ್ರಿಕಾದಲ್ಲಿ ಆನೆಗಳ ನಿಯಂತ್ರಣಕ್ಕೆ ಉಪಯೋಗಕ್ಕೆ ಬರಬಹುದೆಂದು ಸೂಚಿಸಿತು. ವ್ಯರ್ಥವಾಗಿ ಹೋಗುವ ಪ್ರಯೋಗ ಎಂಬುದು ವಿಜ್ಞಾನದಲ್ಲಿ ಇಲ್ಲ.

ಮದದ ವಿಷಯದಲ್ಲಿ ಕರ್ನಾಟಕದ ವಿದ್ವಾಂಸರು ಬೇರೊಂದು ವಿಧಾನವನ್ನು ಅನುಸರಿಸುತ್ತಾರೆ. ದುಬಾರೆ, ಮತ್ತಿಗೋಡು ಮೊದಲಾದ ಶಿಬಿರಗಳ ಮಾವುತರು ಬೆಳಿಗ್ಗೆ ಎದ್ದು ಆನೆಯ ಕೆನ್ನೆಯನ್ನು ನೋಡುತ್ತಾರೆ. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ರಸ ಒಸರುತ್ತಿದ್ದರೆ ಮದ ಬಂದಿದೆ, ಒಸರದಿದ್ದರೆ ಬಂದಿಲ್ಲ. ಬಂದಿದ್ದರೆ ಸರಪಳಿ ಬಿಗಿ, ದೂರ ನಿಲ್ಲುವುದು, ದಸರೆಯ ಪಟ್ಟಿಯಿಂದ ಹೆಸರು ತೆಗೆಯುವುದು. ಈ ವಿಧಾನದಲ್ಲಿ ಆನೆ ಬದುಕಿ ಉಳಿಯುತ್ತದೆಯಾದರೂ ಪ್ರಬಂಧ ಹೊರಬರುವುದಿಲ್ಲ ಎಂಬ ನ್ಯೂನತೆ ಇದೆ.

ಗಾತ್ರದಲ್ಲಿ ಆನೆಯ ನಂತರ ಹಣ್ಣಿನ ನೊಣವನ್ನು ಪರಿಗಣಿಸುವುದು ವಾಡಿಕೆ. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಈ ಜೀವಿಯ ಅಮಲನ್ನು ಅಳೆಯಲು ಪ್ರತ್ಯೇಕ ಯಂತ್ರವೇ ಇದೆ. ಎತ್ತರದ ಗಾಜಿನ ಕೊಳವೆ, ಅದರೊಳಗೆ ಇಳಿಜಾರಾದ ತಟ್ಟೆಗಳು, ಜೊತೆಗೆ ಮದ್ಯದ ಆವಿ. ಅಮಲೇರಿದ ನೊಣವು ಮೇಲಿನ ತಟ್ಟೆಯಿಂದ ಜಾರಿ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಬೀಳುತ್ತ, ಕೊನೆಗೆ ಬುಡದ ಬಾಟಲಿ ಸೇರುತ್ತದೆ. ಸಾಧಾರಣ ನೊಣಕ್ಕೆ ಇದಕ್ಕೆ ಇಪ್ಪತ್ತು ನಿಮಿಷ ಬೇಕು.

ಆದರೆ ನೊಣಶಾಸ್ತ್ರದ ಶಿಖರವೆಂದರೆ 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉಲ್ರಿಕೆ ಹೆಬರ್‌ಲೈನ್ ಅವರ ಪ್ರಯೋಗಾಲಯದಿಂದ ಬಂದ ಕೃತಿ. ಕೆಲವು ಗಂಡು ನೊಣಗಳನ್ನು, ಆಗಲೇ ಬೇರೊಬ್ಬರೊಡನೆ ಕೂಡಿದ್ದು ಈಗ ಆಸಕ್ತಿಯಿಲ್ಲದ ಹೆಣ್ಣು ನೊಣಗಳ ಜೊತೆ, ದಿನಕ್ಕೆ ಮೂರು ಬಾರಿ ಒಂದೊಂದು ಗಂಟೆಯಂತೆ ನಾಲ್ಕು ದಿನ ಇಡಲಾಯಿತು. ಗಂಡುಗಳು ಪ್ರೇಮ ನಿವೇದಿಸಿದವು, ಹೆಣ್ಣುಗಳು ಒದ್ದವು. ಆ ಬಳಿಕ ಗಂಡುಗಳ ಮುಂದೆ ಎರಡು ಬಗೆಯ ಊಟ ಇಡಲಾಯಿತು: ಒಂದು ಸಾದಾ, ಇನ್ನೊಂದರಲ್ಲಿ ಶೇ 15 ಮದ್ಯ. ತಿರಸ್ಕೃತ ಗಂಡುಗಳು ಮದ್ಯದ ಊಟಕ್ಕೆ ಹೆಚ್ಚು ಒಲಿದವು. ಸಂಗಾತಿ ದೊರೆತವು ಅಷ್ಟಾಗಿ ಒಲಿಯಲಿಲ್ಲ. ನಿರಾಕರಣೆಗೊಳಗಾದ ನೊಣದ ಮೆದುಳಿನಲ್ಲಿ ‘ನ್ಯೂರೋಪೆಪ್ಟೈಡ್ ಎಫ್’ ಎಂಬ ಅಣುವಿನ ಪ್ರಮಾಣ ಇಳಿಯುತ್ತದೆ, ಆ ಕೊರತೆಯನ್ನು ಅದು ಮದ್ಯದಿಂದ ತುಂಬಿಕೊಳ್ಳಲೆಳಸುತ್ತದೆ ಎಂಬುದು ವಿವರಣೆ. ಭಾರತೀಯ ಚಿತ್ರರಂಗ ಇದೇ ನಿರ್ಣಯವನ್ನು ಹಲವು ದಶಕಗಳ ಹಿಂದೆಯೇ, ಪ್ರಯೋಗಾಲಯದ ಖರ್ಚಿಲ್ಲದೆ, ದೇವದಾಸನ ಮೂಲಕ ತಲುಪಿತ್ತು. ನೊಣದಲ್ಲಿ ಗಡ್ಡ, ಶಾಲು ಮತ್ತು ನಾಯಿ ಈ ಮೂರು ಲಕ್ಷಣಗಳು ಮಾತ್ರ ಈವರೆಗೆ ವರದಿಯಾಗಿಲ್ಲ.

ಆಕ್ಟೋಪಸ್ ಏಕಾಂತಪ್ರಿಯ ಪ್ರಾಣಿ. ನೆರೆಹೊರೆ, ನೆಂಟರಿಷ್ಟರು, ಸಂಘ ಸಂಸ್ಥೆ ಯಾವುದಕ್ಕೂ ಸೇರದೆ ಬಿಲದಲ್ಲಿ ಒಬ್ಬಂಟಿಯಾಗಿ ಬದುಕುತ್ತದೆ. 2018ರಲ್ಲಿ ಗುಲ್ ಡೋಲೆನ್ ಮತ್ತು ಎರಿಕ್ ಎಡ್‌ಸಿಂಗರ್ ಎಂಬ ವಿಜ್ಞಾನಿಗಳು ಇದನ್ನು ಮಿಲನಸಾರ ಮಾಡುವ ಸಲುವಾಗಿ, ಬೆಂಗಳೂರಿನ ದಿನಪತ್ರಿಕೆಗಳ ಅಪರಾಧ ಪುಟದಲ್ಲಿ ಆಗಾಗ ಕಾಣಿಸಿಕೊಳ್ಳುವ ಎಂಡಿಎಂಎ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿಸಿದರು. ಬಳಿಕ ಮೂರು ಕೋಣೆಗಳ ತೊಟ್ಟಿಯಲ್ಲಿ ಬಿಟ್ಟರು. ಒಂದು ಕೋಣೆಯಲ್ಲಿ ಕುಂಡದ ಕೆಳಗೆ ಇನ್ನೊಂದು ಆಕ್ಟೋಪಸ್, ಮತ್ತೊಂದರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರದ ಬೊಂಬೆ, ನಡುವಿನದು ಖಾಲಿ. ಮೈ ಹದದಲ್ಲಿದ್ದಾಗ ಅವು ಅಪರಿಚಿತ ಗಂಡು ಆಕ್ಟೋಪಸ್ಸಿಗಿಂತ ಬೊಂಬೆಯ ಸಹವಾಸವೇ ಮೇಲೆಂದು ಭಾವಿಸಿದ್ದವು. ಸ್ನಾನದ ನಂತರ ಆ ಅಪರಿಚಿತನ ಬಳಿ ಹೋಗಿ, ಕುಂಡವನ್ನು ತೋಳುಗಳಿಂದ ತಬ್ಬಿ, ಹೆಚ್ಚು ಹೊತ್ತು ಅಲ್ಲಿಯೇ ಕಳೆದವು. ಮನುಷ್ಯ ಹಾಗೂ ಆಕ್ಟೋಪಸ್ಸಿನ ವಂಶಾವಳಿಗಳು ಬೇರ್ಪಟ್ಟು ಐವತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಸಿರೊಟೋನಿನ್ ಸಾಗಿಸುವ ಪ್ರೋಟೀನಿನಲ್ಲಿ ಈ ಔಷಧ ಅಂಟುವ ಜಾಗ ಮಾತ್ರ ಇಬ್ಬರಲ್ಲೂ ಹೆಚ್ಚುಕಡಿಮೆ ಹಾಗೆಯೇ ಉಳಿದುಕೊಂಡಿದೆ. ಆಸ್ತಿ ಪಾಲಾದ ಮೇಲೂ ಕೆಲವು ದಾಯಾದಿಗಳು ಒಂದೇ ಬಾವಿಯ ನೀರು ಸೇದುವುದುಂಟು. ಆರಂಭದಲ್ಲಿ ನೀಡಿದ ಪ್ರಮಾಣ ಹೆಚ್ಚಾಗಿ ಪ್ರಾಣಿಗಳು ಗಾಬರಿಗೊಂಡವೆಂಬುದನ್ನೂ ಹೇಳಬೇಕು; ಒಕ್ಲಹೋಮಾದ ನಂತರ ಐವತ್ತಾರು ವರ್ಷಗಳಲ್ಲಿ ಶಾಸ್ತ್ರವು ಸಾಧಿಸಿದ ಪ್ರಗತಿಯೆಂದರೆ ಆಮೇಲೆ ಪ್ರಮಾಣವನ್ನು ತಗ್ಗಿಸಲಾಯಿತು.

ಜೇನುನೊಣದ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. 2009ರಲ್ಲಿ ಕೊಕೇನ್ ಲೇಪಿಸಿಕೊಂಡ ಜೇನುನೊಣಗಳು ಗೂಡಿಗೆ ಮರಳಿ, ತಾವು ಕಂಡ ಸಾಧಾರಣ ಆಹಾರದ ಬಗ್ಗೆಯೂ ಅತ್ಯುತ್ಸಾಹದಿಂದ ಕುಣಿದು ವರದಿ ಒಪ್ಪಿಸಿದವು. ನಿವೇಶನ ಮಾರಾಟ ಕ್ಷೇತ್ರಕ್ಕೆ ಇದರ ಅನ್ವಯ ಸ್ಪಷ್ಟ. 2013ರಲ್ಲಿ ಜೆರಾಲ್ಡಿನ್ ರೈಟ್ ಅವರ ತಂಡವು ಕಾಫಿ ಹೂವಿನ ಮಕರಂದದಲ್ಲಿರುವಷ್ಟೇ ಕೆಫೀನ್ ಸೇವಿಸಿದ ಜೇನುನೊಣಗಳಲ್ಲಿ, ಹೂವಿನ ವಾಸನೆಯನ್ನು ಇಪ್ಪತ್ತನಾಲ್ಕು ಗಂಟೆಗಳ ನಂತರವೂ ನೆನಪಿಟ್ಟುಕೊಳ್ಳುವವುಗಳ ಸಂಖ್ಯೆ ಮೂರು ಪಟ್ಟು ಎಂದು ತೋರಿಸಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ರೊಬಸ್ಟಾ ಗಿಡವು ಪರಾಗಸ್ಪರ್ಶದ ಕೂಲಿಯಾಳುಗಳನ್ನು ಮರುದಿನವೂ ತಪ್ಪದೆ ಬರುವಂತೆ ಮಾಡುವ ಉಪಾಯ ಇದೆಂದು ಊಹಿಸಬಹುದು. ಆಳು ಸಿಗುವುದಿಲ್ಲವೆಂದು ಕೊರಗುವ ಬೆಳೆಗಾರರ ನಡುವೆ ಈ ತೊಂದರೆ ಇಲ್ಲದ್ದು ಗಿಡಕ್ಕೊಂದಕ್ಕೇ.

ಎರಡನೆಯ ವರ್ಗ, ಅಂದರೆ ಸ್ವಂತ ಇಚ್ಛೆಯಿಂದ ಕುಡಿಯುವ ಪ್ರಾಣಿಗಳಲ್ಲಿ, ಮಲೇಷ್ಯಾದ ಗರಿಬಾಲದ ಮರಮೂಗಿಲಿಯದು ಮಾದರಿ ಜೀವನ. ಮುಷ್ಟಿಯಲ್ಲಿ ಹಿಡಿಸುವ ಈ ಪ್ರಾಣಿ ಬರ್ತಾಮ್ ಎಂಬ ತಾಳೆಜಾತಿಯ ಗಿಡದ ಮೊಗ್ಗುಗಳಲ್ಲಿ ತಾನಾಗಿ ಹುಳಿತ ಮಕರಂದವನ್ನು ರಾತ್ರಿಯ ಹೊತ್ತು ಹೀರುತ್ತದೆ. ಅದರಲ್ಲಿ ಮದ್ಯದ ಅಂಶ ಶೇ 3.8ರ ತನಕ ಇರುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ, ಸಾಧಾರಣ ಬಿಯರಿನಷ್ಟು. ಪ್ರತಿದಿನ ಕುಡಿದರೂ ಅದು ತೂರಾಡುವುದಿಲ್ಲ, ಕೊಂಬೆ ತಪ್ಪುವುದಿಲ್ಲ, ಕುಡಿದಂತೆಯೇ ಕಾಣುವುದಿಲ್ಲ. ಇದರ ಮುಂದಿನ ಸಂಶೋಧನೆಗೆ ಸ್ವಯಂಸೇವಕರ ಕೊರತೆ ಬೀಳಲಾರದು.

ಎರಡನೆಯ ಹಾಗೂ ಮೂರನೆಯ ವರ್ಗಗಳ ಗಡಿಯಲ್ಲಿ ಒಡಿಶಾದ ಕಿಯೋಂಝರ್ ಜಿಲ್ಲೆಯ ಆನೆಗಳು ನಿಲ್ಲುತ್ತವೆ, ಇನ್ನೂ ಕರಾರುವಾಕ್ಕಾಗಿ ಹೇಳಬೇಕೆಂದರೆ ಮಲಗುತ್ತವೆ. 2022ರ ನವೆಂಬರಿನಲ್ಲಿ ಹಳ್ಳಿಗರು ಹಿಪ್ಪೆ ಹೂವಿನ ಸಾರಾಯಿ ತಯಾರಿಸಲು ನಸುಕಿನಲ್ಲೇ ಕಾಡಿಗೆ ಹೋದಾಗ, ಹೂ ನೆನೆಹಾಕಿದ್ದ ಮಡಕೆಗಳು ಒಡೆದಿದ್ದವು, ಒಳಗಿನದು ಇರಲಿಲ್ಲ, ಸುತ್ತ 24 ಆನೆಗಳು ಗಾಢನಿದ್ರೆಯಲ್ಲಿದ್ದವು. ಹಳ್ಳಿಗರಿಂದ ಎಬ್ಬಿಸಲಾಗದೆ ಅರಣ್ಯ ಇಲಾಖೆಯವರು ಬಂದು ಡೋಲು ಬಾರಿಸಿದರು. ಆನೆಗಳು ಕುಡಿದಿದ್ದವೆಂದು ಹಳ್ಳಿಗರೂ, ಸುಮ್ಮನೆ ವಿಶ್ರಮಿಸುತ್ತಿದ್ದಿರಬಹುದೆಂದು ಅಧಿಕಾರಿಯೂ ಅಭಿಪ್ರಾಯಪಟ್ಟರು. ಕಚೇರಿ ಸಮಯದಲ್ಲಿ ಮಲಗಿದವರ ಪರವಾಗಿ ಇಲಾಖೆಯೊಂದು ಇಷ್ಟು ಸಹಾನುಭೂತಿಯ ನಿಲುವು ತಳೆದದ್ದು ಆಡಳಿತಶಾಸ್ತ್ರದ ದೃಷ್ಟಿಯಿಂದಲೂ ಗಮನಾರ್ಹ.

ಈಗ ಮೂರನೆಯ ವರ್ಗ. ಇದರಲ್ಲಿ ಇರುವುದು ಒಂದೇ ಪ್ರಾಣಿ: ಇಲಿ. ವಾಸಸ್ಥಾನವೂ ಒಂದೇ: ಪೊಲೀಸ್ ಠಾಣೆಯ ಮುದ್ದೆಮಾಲು ಕೊಠಡಿ.

ಬಿಹಾರದಲ್ಲಿ 2016ರ ಏಪ್ರಿಲಿನಲ್ಲಿ ಪಾನನಿಷೇಧ ಜಾರಿಯಾಯಿತು. 2017ರ ಮೇ ತಿಂಗಳಲ್ಲಿ, ವಶಪಡಿಸಿಕೊಂಡಿದ್ದ ಒಂಬತ್ತು ಲಕ್ಷ ಲೀಟರಿಗೂ ಹೆಚ್ಚು ಮದ್ಯ ಇಲಿಗಳ ಪಾಲಾಗಿದೆಯೆಂಬ ವಿವರಣೆ ಪೊಲೀಸರಿಂದ ಬಂದಿತು. ಇಲಿಯೊಂದು ದಿನಕ್ಕೆ ಸುಮಾರು 30 ಮಿಲಿಲೀಟರ್ ದ್ರವ ಕುಡಿಯುತ್ತದೆ. ಈ ಲೆಕ್ಕದಲ್ಲಿ ಹದಿಮೂರು ತಿಂಗಳಲ್ಲಿ ಅಷ್ಟನ್ನು ಮುಗಿಸಲು ಸುಮಾರು 76,000 ಇಲಿಗಳು ಭಾನುವಾರವೂ ರಜೆ ತೆಗೆದುಕೊಳ್ಳದೆ, ಸೋಡಾ ನೀರು ಏನನ್ನೂ ಬೆರೆಸದೆ ಕುಡಿದಿರಬೇಕು. ಮುಚ್ಚಳ ತಿರುಗಿಸುವ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ನೆಲದ ಮೇಲೆ ಯಾವ ಕುರುಹೂ ಉಳಿಯದಿರುವುದನ್ನು ಕೆಲವರು ಆಕ್ಷೇಪಿಸಬಹುದು. ಇಲಿಗೆ ವಾಂತಿ ಮಾಡುವ ಶಕ್ತಿ ಪ್ರಕೃತಿದತ್ತವಾಗಿಯೇ ಇಲ್ಲ ಎಂಬುದು ಶರೀರಶಾಸ್ತ್ರದ ಸತ್ಯ. ಸಾಕ್ಷ್ಯನಾಶಕ್ಕೆ ಇಷ್ಟು ಯೋಗ್ಯವಾದ ದೇಹರಚನೆ ಬೇರೊಂದಿಲ್ಲ.

ಗಾಂಜಾ ಸೇವನೆಯಲ್ಲಿ 2018ರಿಂದ 2022ರ ತನಕ ಅರ್ಜೆಂಟೀನಾ ಮುಂದಿತ್ತು. ಬ್ಯೂನಸ್ ಐರಿಸ್ ಸಮೀಪದ ಪಿಲಾರ್‌ನಲ್ಲಿ 540 ಕಿಲೋ ಗಾಂಜಾವನ್ನು ಇಲಿಗಳು ತಿಂದುವೆಂದು ಪೊಲೀಸರು ಹೇಳಿದರು. ಅಲ್ಲಿನ ತಜ್ಞರು, ಇಲಿಗಳು ಅದನ್ನು ಆಹಾರವೆಂದು ತಪ್ಪು ತಿಳಿಯುವುದು ಸಂಭವವಲ್ಲ, ತಿಂದಿದ್ದರೆ ಗೋದಾಮಿನ ತುಂಬ ಹೆಣಗಳಿರಬೇಕಿತ್ತು ಎಂದು ಅಭಿಪ್ರಾಯಪಟ್ಟರು. ಎಂಟು ಪೊಲೀಸರು ಕೆಲಸ ಕಳೆದುಕೊಂಡರು. ಇಲಿಗಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. 2022ರಲ್ಲಿ ಉತ್ತರ ಪ್ರದೇಶದ ಮಥುರಾ ಜಿಲ್ಲೆಯ ಎರಡು ಠಾಣೆಗಳ ಇಲಿಗಳು ಸೇರಿ 581 ಕಿಲೋ ಗಾಂಜಾ ತಿಂದಿರುವುದಾಗಿ ಪೊಲೀಸರು ನ್ಯಾಯಾಲಯಕ್ಕೆ ತಿಳಿಸಿದಾಗ, ದಾಖಲೆ 41 ಕಿಲೋ ಅಂತರದಿಂದ ಭಾರತಕ್ಕೆ ಬಂದಿತು. 2024ರಲ್ಲಿ ಜಾರ್ಖಂಡಿನ ಧನಬಾದ್ ಜಿಲ್ಲೆಯ ಇಲಿಗಳು 10 ಕಿಲೋ ಭಂಗಿ ಹಾಗೂ 9 ಕಿಲೋ ಗಾಂಜಾ ತಿಂದವೆಂಬ ವರದಿ ಬಂದಿತಾದರೂ ಅದನ್ನು ಪ್ರಾಥಮಿಕ ಪ್ರಯತ್ನವೆಂದೇ ಪರಿಗಣಿಸಬೇಕು.

ಇಲ್ಲೊಂದು ಸೈದ್ಧಾಂತಿಕ ತೊಡಕಿದೆ. 1970ರ ದಶಕದಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಕ್ಸಾಂಡರ್ ಇಲಿಗಳಿಗಾಗಿ ವಿಶಾಲವಾದ ಉದ್ಯಾನ ಕಟ್ಟಿದರು. ಒಂಟಿ ಪಂಜರದಲ್ಲಿದ್ದ ಇಲಿಗಳು ಮಾರ್ಫಿನ್ ಬೆರೆತ ನೀರಿಗೆ ಹೆಚ್ಚು ಬಾಯಿ ಹಾಕಿದರೆ, ಸಂಗಾತಿ, ಮಕ್ಕಳು, ಆಟದ ಸಾಮಾನುಗಳೊಡನೆ ಉದ್ಯಾನದಲ್ಲಿದ್ದವು ಬರಿಯ ನೀರನ್ನೇ ಬಯಸಿದವು. ಹಾಗಿದ್ದ ಮೇಲೆ ಮಥುರೆಯ ಇಲಿಗಳು ತೀವ್ರ ಏಕಾಂಗಿತನದಿಂದ ಬಳಲುತ್ತಿದ್ದವೆಂದು ಒಪ್ಪಬೇಕಾಗುತ್ತದೆ. ದಿನಕ್ಕೆ 20 ಗ್ರಾಂ ಆಹಾರದ ಲೆಕ್ಕದಲ್ಲಿ 581 ಕಿಲೋ ಮುಗಿಸಲು 80 ಇಲಿಗಳಿಗೆ ಒಂದು ವರ್ಷ ಬೇಕು. ಎಂಬತ್ತು ಇಲಿಗಳು ಒಟ್ಟಿಗಿದ್ದೂ ಏಕಾಂಗಿತನ ಅನುಭವಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಠಾಣೆಯ ವಾತಾವರಣದಲ್ಲಿ ಸಿಗಬಹುದು.

ಮಥುರೆಯ ನ್ಯಾಯಾಲಯ ಇಲಿಗಳೇ ತಿಂದವೆಂಬುದಕ್ಕೆ ಪುರಾವೆ ಕೇಳಿತು. ಪುರಾವೆಯ ಮಾತು ಹಾಗಿರಲಿ, ಶಿಕ್ಷೆಯ ಪ್ರಮಾಣವನ್ನು ಈಗಲೇ ಲೆಕ್ಕ ಹಾಕಿಡುವುದಕ್ಕೆ ಅಡ್ಡಿಯಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಒಂದು ಕಿಲೋ ತನಕ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. 581 ಕಿಲೋವನ್ನು 80ರಿಂದ ಭಾಗಿಸಿದರೆ ತಲಾ ಏಳು ಕಿಲೋ ಚಿಲ್ಲರೆ ಬರುತ್ತದೆ. ಹೊಟ್ಟೆಯಲ್ಲಿರುವುದನ್ನೂ ಸ್ವಾಧೀನವೆಂದು ಭಾವಿಸುವುದಾದರೆ, ಇದು ಎರಡರ ನಡುವಿನ ಪ್ರಮಾಣ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಇಲಿಯ ಆಯುಷ್ಯ ಹೆಚ್ಚೆಂದರೆ ಎರಡು ಮೂರು ವರ್ಷವಾದ್ದರಿಂದ ಉಳಿದ ಅವಧಿಯನ್ನು ವಾರಸುದಾರರು ಅನುಭವಿಸಬೇಕಾಗುತ್ತದೆ. ಗರ್ಭಾವಧಿ 22 ದಿನ ಮಾತ್ರವಿರುವ ಪ್ರಾಣಿಯಲ್ಲಿ ವಾರಸುದಾರರ ಅಭಾವ ತಲೆದೋರದು. ಸಮನ್ಸ್ ಜಾರಿಗೂ ದೂರ ಹೋಗಬೇಕಿಲ್ಲ: ಆರೋಪಿಗಳ ಕಾಯಂ ವಿಳಾಸ ಅದೇ ಠಾಣೆಯದು.